ಟರ್ಬೊ, ಸೂಪರ್‌ಚಾರ್ಜರ್: ಬಿಚ್ಚಿ ಜೋಡಿಸುವವನ ಕಣ್ಣಲ್ಲಿ

ಟರ್ಬೊ, ಸೂಪರ್‌ಚಾರ್ಜರ್ ಎರಡೂ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತವೆ. ಟರ್ಬೊವನ್ನು ತಿರುಗಿಸುವುದು ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ. ಸೂಪರ್‌ಚಾರ್ಜರ್ ಅನ್ನು ತಿರುಗಿಸುವುದು ಕ್ರ್ಯಾಂಕ್ ಪುಲ್ಲಿಯ ಬೆಲ್ಟ್. ಪಿಕಪ್, ಮೈಲೇಜ್, ಕೆಡುವ ರೀತಿ ಬೇರೆಯಾಗುವುದು ಇಲ್ಲಿಂದಲೇ.

ಟರ್ಬೊ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತು ದಾಟುತ್ತದೆ, ಅದನ್ನು ಹೊತ್ತಿರುವುದು ಆಯಿಲಿನ ತೆಳು ಪದರ. ಹಾಗಾಗಿ ಟರ್ಬೊ ಹೋದ ಗಾಡಿಯಲ್ಲಿ ನಾನು ಮೊದಲು ಹುಡುಕುವುದು ಆಯಿಲ್ ಯಾಕೆ ತಲುಪಲಿಲ್ಲ ಎಂಬುದನ್ನು. ಟರ್ಬೊಗೆ ಆಯಿಲ್ ತರುವ ಫೀಡ್ ಪೈಪಿನ ಬಾಂಜೊ ಬೋಲ್ಟ್ (ಒಳಗೆ ಆಯಿಲ್ ಹರಿಯುವ ಟೊಳ್ಳು ಬೋಲ್ಟ್) ಬಿಚ್ಚಿದರೆ ರಂಧ್ರದಲ್ಲಿ ಕರಿ ಕಿಟ್ಟ ಕಲ್ಲಿನಂತೆ ಕೂತಿರುತ್ತದೆ. ಆ ಪೈಪನ್ನು ತೊಳೆದು ಹಾಕುವುದಿಲ್ಲ, ಹೊಸದೇ ಹಾಕುತ್ತೇನೆ. ಇಲ್ಲದಿದ್ದರೆ ಹೊಸ ಟರ್ಬೊವೂ ಹೋಗುತ್ತದೆ. ಇಂಜಿನ್ ಅಡಿಯ ಆಯಿಲ್ ತೊಟ್ಟಿಯಾದ ಸಂಪ್ ಇಳಿಸಿ, ಅದರೊಳಗಿನ ಜರಡಿ (ಸ್ಟ್ರೈನರ್) ತೊಳೆದು, ಆಯಿಲ್, ಫಿಲ್ಟರ್ ಬದಲಿಸುತ್ತೇನೆ. ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನಲ್ಲಿ ನಿಂತ ಆಯಿಲನ್ನು ಪೂರ್ತಿ ಬಸಿಯಲೇಬೇಕು. ಉಳಿದರೆ ಡೀಸೆಲ್ ಇಂಜಿನ್ ಅದನ್ನೇ ಎಳೆದು ಉರಿಸಿ, ಕೀ ಆಫ್ ಮಾಡಿದರೂ ನಿಲ್ಲದೆ ರೇಸ್ ಆಗಬಹುದು. ಫೀಡ್ ಪೈಪ್, ಆಯಿಲ್ ವಾಪಸ್ ಹೋಗುವ ಡ್ರೈನ್ ಪೈಪ್ ಜೋಡಣೆಗೆ ಸಿಲಿಕೋನ್ ಪೇಸ್ಟ್ ಬೇಡವೇ ಬೇಡ, ಅದರ ಚೂರು ದಾರಿ ಮುಚ್ಚುತ್ತದೆ.

ಹೊಸ ಟರ್ಬೊ ಕೂರಿಸಿದ ಮೇಲೆ ಫೀಡ್ ರಂಧ್ರಕ್ಕೆ ಹೊಸ ಆಯಿಲ್ ಸುರಿದು ಟರ್ಬೊದ ರೆಕ್ಕೆ ಚಕ್ರವನ್ನು ಬೆರಳಲ್ಲಿ ತಿರುಗಿಸುತ್ತೇನೆ. ಇಂಜಿನ್ ಸ್ಟಾರ್ಟ್ ಆಗದಂತೆ ಇಂಜೆಕ್ಟರ್ ಕನೆಕ್ಟರ್ ತೆಗೆದು, ಆಯಿಲ್ ತಲುಪಲೆಂದು 10 ಸೆಕೆಂಡಿನಂತೆ ಎರಡು ಮೂರು ಸಲ ಸೆಲ್ಫ್ ಹೊಡೆದು, ಆಮೇಲೆ ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡಿ ಕೆಲವು ನಿಮಿಷ ಐಡಲ್‌ನಲ್ಲಿ ಬಿಡುತ್ತೇನೆ. ಹಳೆಯದನ್ನು ಪರೀಕ್ಷಿಸುವಾಗ ನೆನಪಿರಲಿ: ಶಾಫ್ಟ್ ಅಕ್ಕಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ. ಹಿಂದೆಮುಂದೆ ಆಡುವುದು ಕೈಗೆ ಗೊತ್ತಾದರೆ ಅಥವಾ ಚಕ್ರದ ಅಂಚು ಹೌಸಿಂಗಿಗೆ ಉಜ್ಜಿದ್ದರೆ ಅದರ ಕಥೆ ಮುಗಿಯಿತು.

ಸೂಪರ್‌ಚಾರ್ಜರಿಗೆ ಇಷ್ಟು ಬಿಸಿಯ ಕಾಟವಿಲ್ಲ. ಬೆಲ್ಟಿನಲ್ಲಿ ಬಿರುಕು, ಟೆನ್ಷನರ್ ಸಡಿಲ, ಬೇರಿಂಗ್ ಸದ್ದು, ಇಷ್ಟನ್ನು ನೋಡಬೇಕು. ಬಹಳ ಮಂದಿ ಮರೆಯುವುದು ಅದರೊಳಗಿನ ಪ್ರತ್ಯೇಕ ಆಯಿಲನ್ನು. 2002ರಿಂದ 2006ರವರೆಗಿನ ಮಿನಿ ಕೂಪರ್ ಎಸ್‌ನಲ್ಲಿರುವ ಈಟನ್ ಎಂ45 ಸೂಪರ್‌ಚಾರ್ಜರ್ ವಾಟರ್ ಪಂಪನ್ನೂ ತಿರುಗಿಸುತ್ತದೆ. ಅದರ ಗೇರ್ ಆಯಿಲ್ ಒಣಗಿ ಹಲ್ಲು ಸವೆದರೆ ಪಂಪ್ ನಿಂತು ಇಂಜಿನ್ ಹೀಟ್ ಆಗುತ್ತದೆ. ಟೆಂಪರೇಚರ್ ಏರಿದೆ ಎಂದು ರೇಡಿಯೇಟರ್ ಮಾತ್ರ ನೋಡುತ್ತಾ ಕೂತರೆ ಇದು ಸಿಗುವುದಿಲ್ಲ.

ಓಡಿಸುವಾಗ ಸೂಪರ್‌ಚಾರ್ಜರಿನ ಪಿಕಪ್ ಕಾಲಿಟ್ಟ ಕೂಡಲೇ ಸಿಗುತ್ತದೆ, ನಿಜ. ಆದರೆ ಬೆಲ್ಟ್ ಎಳೆಯುವ ಶಕ್ತಿ ಇಂಜಿನ್ನಿನದೇ, ಅದಕ್ಕೆ ಪೆಟ್ರೋಲೂ ಹೋಗುತ್ತದೆ. ದಿನಾ ಓಡುವ ಗಾಡಿಗೆ ನಾನು ಹೇಳುವುದು ಟರ್ಬೊ. ಸೂಪರ್‌ಚಾರ್ಜರಿಗೆ ಚಿಕ್ಕ ಪುಲ್ಲಿ ಹಾಕಿಕೊಡಿ ಎನ್ನುವವರಿಗೆ ಮೊದಲು ಯಾವ ಪೆಟ್ರೋಲ್ ಹಾಕಿಸುತ್ತೀರಿ ಎಂದು ಕೇಳುತ್ತೇನೆ: ಪುಲ್ಲಿ ಚಿಕ್ಕದಾದರೆ ಸೂಪರ್‌ಚಾರ್ಜರ್ ಇನ್ನೂ ಜೋರಾಗಿ ತಿರುಗಿ ಬೂಸ್ಟ್ (ತುಂಬುವ ಗಾಳಿಯ ಒತ್ತಡ) ಏರುತ್ತದೆ, ಅದರೊಂದಿಗೆ ಗಾಳಿಯೂ ಬಿಸಿಯಾಗುತ್ತದೆ, 91 ಆಕ್ಟೇನಿನಲ್ಲಿ ಪೆಟ್ರೋಲ್ ತಾನಾಗಿಯೇ ಸಿಡಿಯುವ ನಾಕಿಂಗ್ ಶುರುವಾದರೆ ಪಿಸ್ಟನ್ ಉಳಿಯುವುದಿಲ್ಲ.