ಹತ್ತು ನಿಮಿಷ ಧ್ಯಾನ, ಹತ್ತು ನಿಮಿಷ ಬರಹ

ಮನಸ್ಸು ತುಂಬಿರುತ್ತದೆ. ಬರೆಯಲು ಕೂತರೆ ಮಾತ್ರ ಎಲ್ಲೋ ಓದಿದ ಸಾಲುಗಳೇ ಬರುತ್ತವೆ. ತಾಯಿ ಅಂದರೆ ತ್ಯಾಗ, ಮಳೆ ಅಂದರೆ ನೆನಪು, ಊರು ಅಂದರೆ ಸ್ವರ್ಗ. ಕಥೆ, ಕವಿತೆ ಬರೆಯಲು ಹೊರಟ ತುಂಬಾ ಜನ ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಅವರ ಭಾವನೆ ಸುಳ್ಳಲ್ಲ. ಆದರೆ ಅದು ಏನು, ಹೇಗಿದೆ ಅಂತ ನೋಡುವ ಮೊದಲೇ ಸಿದ್ಧ ಮಾತು ಬಂದು ಆ ಜಾಗದಲ್ಲಿ ಕೂತುಬಿಡುತ್ತದೆ. ಧ್ಯಾನ ನೆರವಿಗೆ ಬರುವುದು ಈ ಹಂತದಲ್ಲಿ. ಮನಸ್ಸು ಶಾಂತವಾದರೆ ಒಳ್ಳೆಯ ಬರಹ ತಾನಾಗಿಯೇ ಬರುತ್ತದೆ ಎಂಬ ಮಾತನ್ನು ನಂಬಬೇಡಿ. ಧ್ಯಾನದಿಂದ ಸಿಗುವುದು, ಅವಸರವಿಲ್ಲದೆ ನೋಡುವ ಅಭ್ಯಾಸ.

ಒಂದು ನೋಟ್‌ಬುಕ್, ಒಂದು ಪೆನ್ನು ಇಟ್ಟುಕೊಳ್ಳಿ. ಫೋನ್ ಬೇರೆ ಕೋಣೆಯಲ್ಲಿರಲಿ, ಸಮಯಕ್ಕೆ ಗೋಡೆ ಗಡಿಯಾರ ಸಾಕು. ಬೆಳಗ್ಗೆ ಆದರೆ ಒಳ್ಳೆಯದು, ಆಗದಿದ್ದರೆ ಮನೆಯವರು ಮಲಗಿದ ಮೇಲೆ.

ಮೊದಲ ಐದು ನಿಮಿಷ ಉಸಿರಿಗೆ. ಕುರ್ಚಿಯಾದರೂ ಸರಿ, ಚಾಪೆಯಾದರೂ ಸರಿ, ಬೆನ್ನು ನೇರ ಇರಲಿ. ಕಣ್ಣು ಮುಚ್ಚಿ ಮೂಗಿನ ತುದಿಯನ್ನು ಗಮನಿಸಿ. ಒಳಗೆ ಹೋಗುವ ಗಾಳಿ ತುಸು ತಂಪು, ಹೊರಗೆ ಬರುವುದು ಬೆಚ್ಚಗೆ. ಉಸಿರನ್ನು ಎಳೆಯಬೇಡಿ, ತಡೆಯಬೇಡಿ, ಅದರ ಪಾಡಿಗೆ ಬಿಡಿ. ಬೌದ್ಧರು ಇದನ್ನು ಆನಾಪಾನ ಅನ್ನುತ್ತಾರೆ. ಧ್ಯಾನಗುರು ಎಸ್.ಎನ್. ಗೋಯೆಂಕಾ ಅವರ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಗಳಲ್ಲಿ ಮೊದಲ ಮೂರು ದಿನ ಇದನ್ನೇ ಮಾಡಿಸುತ್ತಾರೆ. (ಆ ಶಿಬಿರದಲ್ಲಿ ಓದುವುದು, ಬರೆಯುವುದು ಎರಡಕ್ಕೂ ಅವಕಾಶವಿಲ್ಲ. ಅಲ್ಲಿನ ಗುರಿಯೇ ಬೇರೆ, ಹಾಗಾಗಿ ಕವಿತೆ ಬರೆಯುವ ಆಸೆ ಇಟ್ಟುಕೊಂಡು ಅಲ್ಲಿಗೆ ಹೋಗಬೇಡಿ.) ಮನಸ್ಸು ಕರೆಂಟ್ ಬಿಲ್ಲು, ಮಗಳ ಪರೀಕ್ಷೆ ಅಂತ ಓಡುತ್ತದೆ, ಓಡಲಿ. ಗೊತ್ತಾದ ಕೂಡಲೇ ಬೈದುಕೊಳ್ಳದೆ ವಾಪಸ್ ಕರೆದುಕೊಂಡು ಬನ್ನಿ.

ಮುಂದಿನ ಐದು ನಿಮಿಷ ಉಸಿರಿನ ಮೇಲಿನ ಹಿಡಿತ ಸಡಿಲಿಸಿ. ಬೀದಿಯ ಹಾರ್ನ್, ಪಕ್ಕದ ಮನೆಯ ಒಗ್ಗರಣೆ, ಮೊಣಕಾಲಿನ ನೋವು, ಯಾವುದು ಬಂದರೂ ಬರಲಿ, ಹೋಗಲಿ. ಬರೆಯುವವರು ಈ ಹಂತ ಬಿಡಬಾರದು. ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಲೊರೆಂಜಾ ಕೊಲ್ಜಾಟೊ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಗಮನವನ್ನು ತೆರೆದಿಟ್ಟು ಧ್ಯಾನ ಮಾಡಿದ ಮೇಲೆ ಜನರಿಗೆ ಹೊಸ ಹೊಸ ಯೋಚನೆಗಳು ಜಾಸ್ತಿ ಹೊಳೆದವು. ಒಂದೇ ವಸ್ತುವಿನ ಮೇಲೆ ಮನಸ್ಸಿಟ್ಟ ಧ್ಯಾನದಿಂದ ಆ ಲಾಭ ಕಾಣಲಿಲ್ಲ. ಧ್ಯಾನದ ಅಭ್ಯಾಸ ಇದ್ದವರ ಮೇಲೆ ನಡೆದ ಸಣ್ಣ ಅಧ್ಯಯನ ಅದು, ಆದರೂ ದಾರಿ ತೋರಿಸುತ್ತದೆ.

ಈಗ ಒಂದು ವಸ್ತುವನ್ನು ನೆನೆಯಿರಿ. "ಅಪ್ಪ" ಬೇಡ, ಅಪ್ಪನ ಟಿಫಿನ್ ಕ್ಯಾರಿಯರ್ ಸಾಕು. ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗುತ್ತಿರುವುದನ್ನು ಇದ್ದ ಹಾಗೇ ಗಮನಿಸುವುದು) ತರಬೇತಿಯನ್ನು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶುರು ಮಾಡಿದ ಜಾನ್ ಕಬಾಟ್-ಜಿನ್ ಅವರ ಪಾಠದಲ್ಲಿ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ಆಮೇಲೆ ನಿಧಾನವಾಗಿ ತಿನ್ನಿಸುತ್ತಾರೆ. ನೀವೂ ಕ್ಯಾರಿಯರ್ ಅನ್ನು ಹಾಗೇ ನೋಡಿ. ಹಿಡಿ ಎಲ್ಲಿ ಸವೆದಿತ್ತು? ಮುಚ್ಚಳ ತೆಗೆದರೆ ಏನು ವಾಸನೆ? ಅದನ್ನು ನೆನೆಯುವಾಗ ನಿಮ್ಮ ಮೈಯಲ್ಲಿ ಏನಾಗುತ್ತಿದೆ, ಗಂಟಲು ಬಿಗಿಯಿತಾ, ಹೊಟ್ಟೆ ಹಗುರಾಯಿತಾ? ಅದಕ್ಕೆ ಹೆಸರಿಡಲು ಹೋಗಬೇಡಿ.

ಕಣ್ಣು ಬಿಟ್ಟ ತಕ್ಷಣ ಪೆನ್ನು ಹಿಡಿಯಿರಿ. ಹತ್ತು ನಿಮಿಷ ಕೈ ನಿಲ್ಲಬಾರದು. ಹಿಂದೆ ಹೋಗಿ ಓದಬಾರದು, ಅಳಿಸಬಾರದು, ಏನೂ ತೋಚದಿದ್ದರೆ "ಏನೂ ತೋಚುತ್ತಿಲ್ಲ" ಅಂತಲೇ ಬರೆಯುತ್ತಾ ಹೋಗಿ. ಇನ್ನೊಂದು ಮಾತು, ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ: ನಿಮ್ಮ ಮನೆಯ ಕನ್ನಡದಲ್ಲೇ ಬರೆಯಿರಿ. ಧಾರವಾಡದ್ದೋ, ಕುಂದಾಪುರದ್ದೋ, ಮಂಡ್ಯದ್ದೋ, ಅಳುವಾಗ, ರೇಗುವಾಗ ಬಾಯಿಗೆ ಬರುವ ಮಾತು ಯಾವುದೋ ಅದೇ ಇರಲಿ. ಪಠ್ಯಪುಸ್ತಕದ ಕನ್ನಡಕ್ಕೆ ಹಾರಿದ ಕೂಡಲೇ ನಿಮ್ಮ ಅಜ್ಜಿ ನಿಮ್ಮ ಅಜ್ಜಿಯಾಗಿ ಉಳಿಯುವುದಿಲ್ಲ, ಅಲ್ವಾ?

ಕೆಲವು ನೆನಪು ಭಾರ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ನೋವಿನ ಬಗ್ಗೆ ಬರೆದರು. ಬರೆದ ಕೂಡಲೇ ಅವರ ಮನಸ್ಸು ಕುಗ್ಗಿತ್ತು. ಮುಂದಿನ ತಿಂಗಳುಗಳಲ್ಲಿ ನಡೆದ ಘಟನೆಯ ಜೊತೆ ಅದರ ಬಗ್ಗೆ ತಮಗೆ ಅನ್ನಿಸಿದ್ದನ್ನೂ ಬರೆದವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಹಾಗಾಗಿ ಬರೆದ ಮೇಲೆ ಸ್ವಲ್ಪ ಹೊತ್ತು ಬೇಜಾರಾದರೆ ಗಾಬರಿ ಬೇಡ. ಆದರೆ ಎದೆ ಹೊಡೆದುಕೊಂಡರೆ, ಉಸಿರು ಕಟ್ಟಿದಂತಾದರೆ ಅಲ್ಲೇ ನಿಲ್ಲಿಸಿ, ಕಾಲನ್ನು ನೆಲಕ್ಕೆ ಊರಿ ಸುತ್ತ ನೋಡಿ. ಮನೆಯಲ್ಲಿ ಸಾವಾಗಿ ಇನ್ನೂ ಸ್ವಲ್ಪ ದಿನವಾಗಿದ್ದರೆ ಬೇರೆ ವಿಷಯ ಎತ್ತಿಕೊಳ್ಳಿ. ಕಷ್ಟ ಮುಂದುವರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ತಿದ್ದುವುದು ಮರುದಿನ. ಎರಡು ನಿಮಿಷ ಸುಮ್ನೆ ಕೂತು, ಬರೆದದ್ದನ್ನು ಜೋರಾಗಿ ಓದಿ. ದುಃಖ, ಪ್ರೀತಿ, ಸಂಕಟ ಅಂತ ಭಾವನೆಯ ಹೆಸರು ಬಂದ ಕಡೆಯೆಲ್ಲ ಗೆರೆ ಎಳೆಯಿರಿ. "ಅಜ್ಜಿ ಹೋದಾಗ ತುಂಬಾ ದುಃಖವಾಯಿತು" ಅಂತಿದೆ ಅನ್ನಿ. ಆ ಹೊತ್ತಿಗೆ ನಿಮ್ಮ ಕಣ್ಣಿಗೆ ಬಿದ್ದದ್ದೇನು? "ಅಜ್ಜಿಯ ಎಲೆಅಡಿಕೆ ಚೀಲ ಗೂಟದಲ್ಲೇ ಇತ್ತು. ಡಬ್ಬಿಯ ಸುಣ್ಣ ಒಣಗಿ ಕಲ್ಲಾಗಿತ್ತು. ಅವ್ವ ಅದಕ್ಕೆ ನೀರು ಹಾಕಿ ಕಲಸಿಟ್ಟಳು." ದುಃಖ ಅನ್ನುವ ಪದ ಇಲ್ಲಿ ಬೇಕಾಗಲೇ ಇಲ್ಲ. ಎಲ್ಲ ಗೆರೆಗೂ ಹೀಗೆ ಮಾಡಬೇಕಿಲ್ಲ, ಕೆಲವು ಕಡೆ "ಅತ್ತುಬಿಟ್ಟೆ" ಅಂತ ನೇರವಾಗಿ ಹೇಳಿದರೇ ಸರಿ ಇರುತ್ತದೆ.

ತಿಂಗಳಿಗೊಮ್ಮೆ ನೋಟ್‌ಬುಕ್ ತಿರುವಿ ಹಾಕಿ. ಬೇರೆ ಬೇರೆ ದಿನ ಕೂತು ಬರೆದರೂ ಅದೇ ಬಾವಿಕಟ್ಟೆ, ಅದೇ ಬಸ್ಸು, ಅದೇ ಮನುಷ್ಯ ಮತ್ತೆ ಮತ್ತೆ ಬಂದಿದ್ದರೆ ಆ ಪುಟಗಳನ್ನು ಗುರುತು ಮಾಡಿ. ನಿಮ್ಮ ಮೊದಲ ಕಥೆಯನ್ನು ಅಲ್ಲಿಂದಲೇ ಶುರು ಮಾಡಿ.