ಸಣ್ಣ ಟ್ರೇಲರ್ ಗೋಡೆಗೆ ಗೂಡು, ಜೇಬು: ಬಳ್ಳಾರಿ ಬಿಸಿಲಿಗೂ ಹಂಪ್‌ಗೂ ತಡೆಯುವಂತೆ

ಕಾರಿನ ಹಿಂದೆ ಕಟ್ಟಿ ಎಳೆಯುವ ಸಣ್ಣ ಟ್ರೇಲರ್‌ನಲ್ಲಿ ಮಂಚ ಹಾಕಿ, ಅಡುಗೆ ಕಟ್ಟೆ ಮಾಡಿದ ಮೇಲೆ ನೆಲದಲ್ಲಿ ಜಾಗ ಉಳಿಯುವುದಿಲ್ಲ. ಖಾಲಿ ಇರುವುದು ಗೋಡೆ ಒಂದೇ. ಮನೆಯಲ್ಲಿ ಮಾಡುವ ಹಾಗೆ ಆ ಗೋಡೆಗೆ ಸ್ಕ್ರೂ ಹಾಕಿ ಸ್ಟ್ಯಾಂಡ್ ತೂಗುಹಾಕಿದರೆ ನಾಲ್ಕು ಹಂಪ್ ದಾಟುವುದರೊಳಗೆ ಕಿತ್ತು ಬರುತ್ತದೆ.

ನಾನು ಕೆಲಸ ಮಾಡಿದ ಟ್ರೇಲರ್ ಒಳಗೆ 3 ಮೀಟರ್ ಉದ್ದ, 1.8 ಮೀಟರ್ ಅಗಲ, ಒಂದೇ ಆಕ್ಸೆಲ್. ಗೋಡೆಯ ಹೊರಗೆ ತೆಳು ಅಲ್ಯೂಮಿನಿಯಂ ತಗಡು, ನಡುವೆ 25 ಮಿ.ಮೀ. ಕಬ್ಬಿಣದ ಸ್ಕ್ವೇರ್ ಪೈಪಿನ ಫ್ರೇಮ್, ಪೈಪುಗಳ ಸಂದಿಯಲ್ಲಿ ಥರ್ಮಾಕೋಲ್, ಒಳಗೆ 4 ಮಿ.ಮೀ. ಪ್ಲೈ. ಪೈಪು 16 ಗೇಜ್, ಅಂದರೆ 1.6 ಮಿ.ಮೀ. ದಪ್ಪ, 60 ಸೆಂ.ಮೀ.ಗೆ ಒಂದರಂತೆ ನಿಂತಿದೆ. ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಕಟ್ಟಿಸಿದ್ದಾದರೆ ನಿಮ್ಮದೂ ಹೆಚ್ಚುಕಡಿಮೆ ಹೀಗೇ ಇರುತ್ತದೆ, ಅಳತೆ ಮಾತ್ರ ನೋಡಿಕೊಳ್ಳಿ.

ಈ ಗೋಡೆಯಲ್ಲಿ ಭಾರ ಹೊರುವುದು ಪೈಪು. 4 ಮಿ.ಮೀ. ಪ್ಲೈಯಲ್ಲಿ ಸ್ಕ್ರೂವಿನ ಎರಡು ಮೂರು ಸುತ್ತು ಮಾತ್ರ ಕಚ್ಚುತ್ತವೆ. ಗಾಡಿ ಅಲುಗಿದಂತೆ ತೂತು ದೊಡ್ಡದಾಗುತ್ತಾ ಹೋಗುತ್ತದೆ. ಹಾಗಾಗಿ ಮೊದಲ ಕೆಲಸ ಪೈಪು ಹುಡುಕುವುದು. ಹಳೆ ಸ್ಪೀಕರ್‌ನ ಮ್ಯಾಗ್ನೆಟ್ ಸಾಕು. ಪ್ಲೈ ಮೇಲೆ ಅಡ್ಡಡ್ಡ ಎಳೆಯುತ್ತಾ ಹೋಗಿ, ಹಿಡಿದ ಕಡೆ ಪೆನ್ಸಿಲ್ ಗುರುತು ಹಾಕಿ, ಎರಡೂ ಅಂಚು ಸಿಕ್ಕ ಮೇಲೆ ನಡುಗೆರೆ ಎಳೆಯಿರಿ. ಪ್ಲೈಗೆ ಹೊಡೆದ ಮೊಳೆಯ ತಲೆಯೂ ಮ್ಯಾಗ್ನೆಟ್ ಎಳೆಯುತ್ತದೆ. ಅದಕ್ಕೇ 2 ಮಿ.ಮೀ. ಡ್ರಿಲ್ ಬಿಟ್‌ನಲ್ಲಿ ಒಂದು ಸಣ್ಣ ತೂತು ಹಾಕಿ ನೋಡಿ: ಮೊದಲು ಮರದ ಪುಡಿ, ಆಮೇಲೆ ಹೊಳೆಯುವ ಕಬ್ಬಿಣದ ಪುಡಿ ಬಂದರೆ ಪೈಪು ಸಿಕ್ಕಿದೆ. ಬಿಳಿ ಥರ್ಮಾಕೋಲ್ ಕಾಳು ಬಂದರೆ ಅಲ್ಲೇ ನಿಲ್ಲಿಸಿ. ಇನ್ನು 25 ಮಿ.ಮೀ. ಆಚೆ ಹೊರಗಿನ ತಗಡಿದೆ, ಅದು ತೂತಾದರೆ ಮಳೆಗಾಲದಲ್ಲಿ ಗೋಡೆಯೊಳಗೆ ನೀರು ಕೂರುತ್ತದೆ. ಬಿಟ್‌ಗೆ ತುದಿಯಿಂದ 12 ಮಿ.ಮೀ. ಬಿಟ್ಟು ಇನ್ಸುಲೇಶನ್ ಟೇಪ್ ಸುತ್ತಿಕೊಂಡರೆ ಕೈ ಜಾರಿದರೂ ಅಪಾಯವಿಲ್ಲ. ಡ್ರಿಲ್ ಹಿಡಿಯುವ ಮುಂಚೆ ಬ್ಯಾಟರಿಯ ಫ್ಯೂಸ್ ತೆಗೆದಿಡಿ. ಸ್ವಿಚ್, ಲೈಟುಗಳ ನೇರಕ್ಕೆ ಮೇಲೆ ಕೆಳಗೆ ವೈರ್ ಹೋಗಿರುತ್ತದೆ. ಆ ಪಟ್ಟಿಯನ್ನು ಮುಟ್ಟದಿರುವುದೇ ಒಳ್ಳೆಯದು.

ಪೈಪು ಸಿಕ್ಕಿತೆಂದು ಅದಕ್ಕೆ ನೇರವಾಗಿ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ (ತಾನೇ ತೂತು ಕೊರೆದುಕೊಂಡು ಹೋಗುವುದು) ಹಾಕುವವರೇ ಹೆಚ್ಚು. 1.6 ಮಿ.ಮೀ. ತಗಡಿನಲ್ಲಿ ಅದಕ್ಕೆ ಸಿಗುವುದು ಒಂದೆರಡು ಸುತ್ತಿನ ಹಿಡಿತ ಮಾತ್ರ. ಹಗುರ ಸಾಮಾನಿಗೆ ಸರಿ, ಕಪಾಟಿಗೆ ಸಾಲದು; ಒಮ್ಮೆ ಬಿಚ್ಚಿ ಹಾಕಿದರೆ ಹಿಡಿತ ಹೋಗುತ್ತದೆ. ನಾನು ಎಲ್ಲ ಕಡೆ ಎಂ5, ಅಂದರೆ 5 ಮಿ.ಮೀ. ಬೋಲ್ಟಿನ, ಸ್ಟೀಲ್ ರಿವೆಟ್ ನಟ್ ಕೂರಿಸಿದ್ದೇನೆ. ಪೈಪಿನ ತೂತಿಗೆ ಹೊರಗಿನಿಂದಲೇ ತೂರಿಸಿ, ಅದರದೇ ಟೂಲ್‌ನಿಂದ ಒತ್ತಿ ಹಿಡಿಸುವ ನಟ್ ಇದು. ಪ್ಲೈಯಲ್ಲಿ 12 ಮಿ.ಮೀ. ತೂತು, ಅದರ ನಡುವೆ ಪೈಪಿನಲ್ಲಿ 7 ಮಿ.ಮೀ. ತೂತು. ತೂತಿನ ಅಂಚಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಹಚ್ಚಿ ಒಣಗಿಸಿ, ನಟ್‌ನ ಅಗಲ ಬಾಯಿ ಪೈಪಿಗೆ ಅಂಟಿ ಕೂರುವಂತೆ ಟೂಲ್‌ನಿಂದ ಒತ್ತಬೇಕು. ತೂತು 7.5 ಆದರೂ ನಟ್ ಬೋಲ್ಟಿನ ಜೊತೆಗೇ ಸುತ್ತತೊಡಗುತ್ತದೆ. ಆಮೇಲೆ ಬಿಗಿಯೂ ಆಗುವುದಿಲ್ಲ, ಬಿಚ್ಚಲೂ ಬರುವುದಿಲ್ಲ. ಮೊಂಡು ಬಿಟ್ ತೂತನ್ನು ದೊಡ್ಡದು ಮಾಡುತ್ತದೆ, ಈ ಕೆಲಸಕ್ಕೆ ಹೊಸ ಬಿಟ್ಟೇ ತನ್ನಿ.

ಪ್ಲೈ ತೂತಿನಲ್ಲಿ ನಟ್‌ನ ಬಾಯಿಯ ಮೇಲೆ ಉಳಿದ ಆಳವನ್ನು ಖಾಲಿ ಬಿಡಬಾರದು. ಬಿಟ್ಟರೆ ಬೋಲ್ಟ್ ಬಿಗಿದಾಗ ನಟ್ ಪೈಪಿನಿಂದ ಹೊರಗೆ ಎಳೆಸಿಕೊಳ್ಳುತ್ತದೆ. ಎಂ5 ವಾಷರ್ 1 ಮಿ.ಮೀ. ದಪ್ಪ, 10 ಮಿ.ಮೀ. ಅಗಲ, ಪ್ಲೈ ಮಟ್ಟಕ್ಕೆ ಬರುವಷ್ಟು ಸೇರಿಸಿ ತೂತಿಗೆ ಕೂರಿಸಿ. ಮೇಲೆ 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಆಂಗಲ್ (ಎಲ್ ಆಕಾರದ ಪಟ್ಟಿ), ಅದಕ್ಕೆ 20 ಮಿ.ಮೀ. ಉದ್ದದ ಬೋಲ್ಟ್, ಬೋಲ್ಟಿನ ಸುತ್ತಿಗೆ ನೀಲಿ ಥ್ರೆಡ್ ಲಾಕರ್ (ಬೋಲ್ಟ್ ಸಡಿಲಾಗದಂತೆ ಹಿಡಿಯುವ ಅಂಟು) ಎರಡು ಹನಿ. ಬಿಗಿದ ಮೇಲೆ ಬೋಲ್ಟ್ ತಲೆಯಿಂದ ಆಂಗಲ್ ಮೇಲಕ್ಕೆ ಬರುವಂತೆ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ಬೋಲ್ಟ್ ಸಡಿಲವಾಗಿದೆ ಎಂದೇ ಅರ್ಥ, ಸ್ಪ್ಯಾನರ್ ಹಾಕಿ ನೋಡುವ ಅಗತ್ಯವಿಲ್ಲ.

ಮರದ ಕಪಾಟು ಒಂದೇ ಸಾಕು, ಚಾವಣಿಗೆ ತಾಗಿದಂತೆ. ಉದ್ದ 1200, ಎತ್ತರ 230, ಆಳ 180 ಮಿ.ಮೀ. 1200 ಇಟ್ಟಿದ್ದು ಮೂರು ಪೈಪುಗಳಿಗೆ ಸಿಗಲೆಂದು. ಗೋಡೆಗೆ ಎರಡು ಆಂಗಲ್, 25×25×3: ಮೇಲಿನದು ಎಳೆತ ಹಿಡಿಯುತ್ತದೆ, ಕೆಳಗಿನದು ಒತ್ತು ಹಿಡಿಯುತ್ತದೆ. ಕೆಳಗೊಂದೇ ಆಂಗಲ್ ಕೊಟ್ಟು ಹಲಗೆ ಕೂರಿಸಿದರೆ ಮುಂಭಾಗ ಜೋತು ಬೀಳುತ್ತದೆ. ತಳ, ಎರಡು ಪಕ್ಕ, ನಡುವೆ ಎರಡು ಅಡ್ಡಹಲಗೆ 9 ಮಿ.ಮೀ. ಪ್ಲೈ, ಬಾಗಿಲುಗಳು 6 ಮಿ.ಮೀ. 9 ಮಿ.ಮೀ. ಪ್ಲೈಯ ಅಂಚಿಗೆ ಸ್ಕ್ರೂ ಹೊಡೆದರೆ ಪದರ ಬಿಚ್ಚುತ್ತದೆ, ಮೂಲೆಗಳಿಗೆ 20 ಮಿ.ಮೀ. ರೀಪು ಕೊಟ್ಟು ಅಂಟಿನ ಜೊತೆ ಅದಕ್ಕೆ ಸ್ಕ್ರೂ ಹಾಕಿ. ಬಾಗಿಲಿಗೆ ಕೀಲು ಮೇಲೆ ಇರಲಿ, ತನ್ನ ಭಾರಕ್ಕೇ ಮುಚ್ಚಿಕೊಳ್ಳುತ್ತದೆ. ಮ್ಯಾಗ್ನೆಟ್ ಕ್ಯಾಚರ್ ನಂಬಬೇಡಿ; ಒಂದು ಜೋರು ಕುಲುಕಿಗೆ ಬಿಟ್ಟುಕೊಡುತ್ತದೆ. ಗುಂಡಿ ಒತ್ತಿ ತೆರೆಯುವ ಲಾಕ್ ಅಥವಾ 2 ಇಂಚಿನ ಟವರ್ ಬೋಲ್ಟ್ ಬೇಕು. ಬಾಗಿಲ ಸುತ್ತ ರಬ್ಬರ್ ಗ್ಯಾಸ್ಕೆಟ್ ಪಟ್ಟಿ ಅಂಟಿಸಿ. ಸಂಡೂರು ಕಡೆಯ ಅದಿರು ಲಾರಿ ಓಡುವ ರಸ್ತೆಯಲ್ಲಿ ಒಮ್ಮೆ ಹೋಗಿ ಬಂದವರಿಗೆ ಕೆಂಪು ಧೂಳು ಎಲ್ಲೆಲ್ಲಿ ನುಗ್ಗುತ್ತದೆ ಎಂದು ಹೇಳಬೇಕಾಗಿಲ್ಲ.

ಇಡೀ ಕಪಾಟು ಆಂಗಲ್ ಸೇರಿ ನಾಲ್ಕೂವರೆ ಕಿಲೋ ಆಸುಪಾಸು. 18 ಮಿ.ಮೀ. ಪ್ಲೈಯಲ್ಲಿ ಮಾಡಿದರೆ ಅದರ ದುಪ್ಪಟ್ಟು ದಾಟುತ್ತದೆ, ಬಡಗಿಗೆ ದಪ್ಪವನ್ನು ಬರೆದೇ ಕೊಡಿ. ಒಳಗೆ 6ರಿಂದ 8 ಕಿಲೋಗಿಂತ ಹೆಚ್ಚು ತುಂಬಬೇಡಿ. ನಿಂತಾಗ 8 ಕಿಲೋ ಇದ್ದದ್ದು ಹಂಪ್ ಮೇಲೆ ಎರಡು ಮೂರು ಪಟ್ಟು ಜಗ್ಗುತ್ತದೆ.

ಪಿವಿಸಿ ಫೋಮ್ ಬೋರ್ಡ್ ಹಗುರ, ನೀರಿಗೆ ಹೆದರುವುದಿಲ್ಲ ಎಂದು ಅಂಗಡಿಯವರು ಕೊಡುತ್ತಾರೆ. ಬಳ್ಳಾರಿ, ರಾಯಚೂರಿನ ಏಪ್ರಿಲ್, ಮೇ ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಟ್ರೇಲರ್ ಒಳಗೆ, ಅದೂ ಚಾವಣಿ ಹತ್ತಿರ, ಅದು ಮೆತ್ತಗಾಗಿ ಭಾರಕ್ಕೆ ಬಾಗುತ್ತದೆ. ಬಾಗಿಲಿಗೆ ಬಳಸಬಹುದು, ತಳದ ಹಲಗೆಗೆ ಬೇಡ. ಗ್ಲೂ ಗನ್ ಅಂಟು, ಸಾಧಾರಣ ಡಬಲ್ ಟೇಪ್, ಅಂಟಿಸುವ ಹುಕ್ಕು ಇವುಗಳದ್ದೂ ಇದೇ ಪಾಡು. ಅದೇ ಕಾರಣಕ್ಕೆ ಮೇಲಿನ ಕಪಾಟಿನಲ್ಲಿ ಲೈಟರ್, ಸ್ಪ್ರೇ ಡಬ್ಬಿ, ಪವರ್ ಬ್ಯಾಂಕ್, ಮಾತ್ರೆ ಇಡಲೇಬೇಡಿ. ಬೆಲ್ಲವೂ ಅಲ್ಲಿ ನೀರಾಗುತ್ತದೆ. ಚಟ್ನಿಪುಡಿ, ಅವಲಕ್ಕಿ, ಬಟ್ಟೆ ಅಲ್ಲಿಗೆ ತಕ್ಕ ಸಾಮಾನು. ಖಡಕ್ ರೊಟ್ಟಿ ಮಾತ್ರ ಅಗಲದ ಡಬ್ಬಿಯಲ್ಲಿ, ಮೇಲೆ ಒತ್ತಿ ಬಟ್ಟೆ ತುಂಬಿ, ಮಂಚದ ಕೆಳಗೆ ಮಟ್ಟಸವಾಗಿ ಇರಬೇಕು. ಅಲುಗಾಡಲು ಜಾಗ ಸಿಕ್ಕರೆ ಊರು ಮುಟ್ಟುವಷ್ಟರಲ್ಲಿ ಚೂರು.

ಉಳಿದ ಗೋಡೆಗೆಲ್ಲ ಬಟ್ಟೆಯ ಜೇಬು. ನನ್ನ ಮಟ್ಟಿಗೆ ಸಣ್ಣ ಟ್ರೇಲರ್‌ಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ, ಬಳ್ಳಾರಿಯಲ್ಲಿ ಇರುವವರಿಗಂತೂ ಸಾಮಾನು, ಕೈ ಎರಡೂ ಊರಲ್ಲೇ ಇವೆ. ಜೀನ್ಸ್ ಹೊಲಿಯುವ ಘಟಕಗಳಲ್ಲಿ ದಪ್ಪ ಡೆನಿಮ್ ಕಟ್ ಪೀಸ್ ಕೇಳಿ. 12 ಔನ್ಸ್‌ನದು (ಚದರ ಗಜಕ್ಕೆ ಅಷ್ಟು ತೂಗುವ ಬಟ್ಟೆ) ಸಾಕು. 900×600 ಮಿ.ಮೀ. ಹಿಂಬಟ್ಟೆ, ಅದರ ಮೇಲೆ ಎರಡು ಸಾಲು, ಸಾಲಿಗೆ ನಾಲ್ಕು ಜೇಬು. ಒಂದು ಜೇಬು 200 ಅಗಲ ಕಾಣಬೇಕಾದರೆ 280 ಕತ್ತರಿಸಿ, ಎರಡೂ ಬದಿಗೆ 40ರ ನೆರಿಗೆ ಕೊಡಿ. ನೆರಿಗೆ ಇಲ್ಲದ ಜೇಬಿಗೆ ಟಾರ್ಚ್ ಹಾಕಿದರೂ ಪಕ್ಕದ ಜೇಬು ಬಿಗಿಯಾಗಿ ಬಾಯಿ ಮುಚ್ಚುತ್ತದೆ. ಬಾಯಿಗೆ 20 ಮಿ.ಮೀ. ಎಲಾಸ್ಟಿಕ್, ಬಾಯಿಯ ಎರಡೂ ಮೂಲೆಗೆ ಬಾರ್‌ಟ್ಯಾಕ್ (ಒತ್ತೊತ್ತಾಗಿ ಹಾಕುವ ಗಟ್ಟಿ ಹೊಲಿಗೆ), ತಳಕ್ಕೆ ಒಂದು ಐಲೆಟ್ (ಲೋಹದ ಬಳೆ ಕೂರಿಸಿದ ತೂತು). ಬಾರ್‌ಟ್ಯಾಕ್ ಇಲ್ಲದಿದ್ದರೆ ಹರಿಯುವುದು ಆ ಮೂಲೆಯಿಂದಲೇ. ಐಲೆಟ್ ಇದ್ದರೆ ಧೂಳು ಉದುರಿಹೋಗುತ್ತದೆ. ಇಷ್ಟೂ ಸೇರಿ ಬಟ್ಟೆಯ ತೂಕ 600 ಗ್ರಾಂ ಒಳಗೆ. ಹೊಲಿಯುವ ಮುಂಚೆ ಬಟ್ಟೆ ತೊಳೆಸಿ. ತೊಳೆಯದ ಡೆನಿಮ್ ಕುಗ್ಗುತ್ತದೆ, ಅದರ ನೀಲಿ ಬಿಳಿ ಪ್ಲೈಗೂ ಹಾಸಿಗೆಗೂ ಹತ್ತುತ್ತದೆ.

ಹಿಂಬಟ್ಟೆಯ ಮೇಲೂ ಕೆಳಗೂ ತೋಳು ಹೊಲಿಸಿ, ಅದರಲ್ಲಿ 25×3 ಅಲ್ಯೂಮಿನಿಯಂ ಪಟ್ಟಿ ತೂರಿಸಿ, ಎರಡನ್ನೂ ರಿವೆಟ್ ನಟ್‌ಗೇ ಬೋಲ್ಟ್ ಮಾಡಿ. ಕೆಳಗಿನ ಪಟ್ಟಿ ಬಿಟ್ಟರೆ ಇಡೀ ಬಟ್ಟೆ ಓಡುವಾಗ ತೂಗಾಡಿ ಪ್ಲೈಗೆ ಉಜ್ಜುತ್ತದೆ. ಈರುಳ್ಳಿ, ಆಲೂಗಡ್ಡೆಗೆ ಡೆನಿಮ್ ಬದಲು ಸೊಳ್ಳೆ ಪರದೆಯ ಜಾಲರಿಯ ಜೇಬು ಮಾಡಿಸಿ, ಗಾಳಿ ಆಡಬೇಕು.

ಇನ್ನು ತೂಕ. ಗೋಡೆಯ ಸಾಮಾನು ಆಕ್ಸೆಲ್‌ನ ಹಿಂದೆ ಸೇರಿದರೆ, ಟ್ರೇಲರನ್ನು ಕಾರಿಗೆ ಕಟ್ಟುವ ಹುಕ್ಕಿನ ಮೇಲಿನ ಭಾರ ಕಡಿಮೆಯಾಗಿ, ಹೈವೇ 67ರಲ್ಲಿ ಲಾರಿ ಪಕ್ಕಕ್ಕೆ ಬಂದಾಗ ಟ್ರೇಲರ್‌ನ ಹಿಂಭಾಗ ಎಡಬಲಕ್ಕೆ ತೂಗತೊಡಗುತ್ತದೆ. ತುಂಬಿದ ಟ್ರೇಲರ್ 700 ಕಿಲೋ ಇದ್ದರೆ ಹುಕ್ಕಿನ ಮೇಲೆ 50ರಿಂದ 70 ಕಿಲೋ ಬರಬೇಕು, ಕಾರಿನವರು ಹೇಳಿದ ಮಿತಿಯನ್ನೂ ಮೀರಬಾರದು. ಒಟ್ಟು ತೂಕಕ್ಕೆ ಲಾರಿ ತೂಗುವ ವೇ ಬ್ರಿಡ್ಜ್ ಸರಿ, ಆರ್‌ಸಿಯಲ್ಲಿ ಬರೆದ ತೂಕದೊಳಗೇ ಇರಬೇಕು. ಹುಕ್ಕಿನ ಭಾರಕ್ಕೆ ಮಾತ್ರ ವೇ ಬ್ರಿಡ್ಜ್ ತೀರಾ ಒರಟು ಅಳತೆ. ಸಮತಟ್ಟಾದ ನೆಲದಲ್ಲಿ, ನೀರಿನ ಟ್ಯಾಂಕ್ ತುಂಬಿ, ಮನುಷ್ಯರು ನಿಲ್ಲುವ ತೂಕದ ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ, ಕಾರಿಗೆ ಕಟ್ಟಿದಾಗಿನ ಎತ್ತರಕ್ಕೇ ಹುಕ್ಕು ಇಳಿಸಿ ನೋಡಿ. ಎಡಬಲಕ್ಕೆ, ಎರಡೂ ಚಕ್ರದ ಮೇಲಿನ ಮಡ್‌ಗಾರ್ಡ್ ನೆಲದಿಂದ ಎಷ್ಟು ಎತ್ತರವಿದೆ ಎಂದು ಟೇಪ್ ಹಿಡಿದು ಅಳೆಯಿರಿ. 10 ಮಿ.ಮೀ.ಗಿಂತ ವ್ಯತ್ಯಾಸ ಬಂದರೆ ತಗ್ಗಿರುವ ಬದಿಯ, ಸಾಮಾನ್ಯವಾಗಿ ಒಲೆ, ನೀರು ಇರುವ ಬದಿಯ, ಜೇಬುಗಳನ್ನು ಖಾಲಿ ಮಾಡಿ ಎದುರು ಗೋಡೆಗೆ ತುಂಬಿ.

ಹೊಸದಾಗಿ ಕೂರಿಸಿದ ಮೇಲೆ ಮೊದಲು ಹತ್ತಿರದ ದಾರಿಗೆ, ಬಳ್ಳಾರಿಯಿಂದ ಆನೆಗೊಂದಿಯಷ್ಟು ದೂರಕ್ಕೆ, ಅರ್ಧ ಭಾರ ಹಾಕಿ ಓಡಿಸಿ. ನಿಂತ ಕೂಡಲೇ ಪೇಂಟ್ ಗೆರೆಗಳನ್ನೆಲ್ಲ ನೋಡಿ. ಕೀಲಿನ ಸ್ಕ್ರೂಗಳೇ ಎಲ್ಲಕ್ಕಿಂತ ಮೊದಲು ಸಡಿಲಾಗುತ್ತವೆ. ಅವಕ್ಕೆ ಸ್ಕ್ರೂ ಬದಲು 4 ಮಿ.ಮೀ. ಬೋಲ್ಟ್, ಹಿಂದೆ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇದ್ದು ಸಡಿಲಾಗದ ನಟ್) ಹಾಕಿದರೆ ಮತ್ತೆ ಕೈ ಹಾಕುವ ಕೆಲಸ ಇರುವುದಿಲ್ಲ.