ಚಿಕಿತ್ಸೆ ನಡೆದಿರುವಾಗ ವರ್ಗಾವಣೆ ಬಂದರೆ: ಮನವಿ ಕೊಡುವುದು ಹೇಗೆ?

ಮಾನಸಿಕ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುತ್ತಿರುವ ನೌಕರರ ಕೈಗೆ ವರ್ಗಾವಣೆ ಆದೇಶ ಬಂದಾಗ ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಕೆಲವರು ಕಚೇರಿಗೆ ಹೋಗುವುದನ್ನೇ ಬಿಡುತ್ತಾರೆ; ಅದು ಅನಧಿಕೃತ ಗೈರುಹಾಜರಿಯಾಗಿ ಶಿಸ್ತುಕ್ರಮಕ್ಕೆ ದಾರಿಯಾಗುತ್ತದೆ. ಇನ್ನು ಕೆಲವರು ‘ಆರೋಗ್ಯ ಸರಿಯಿಲ್ಲ, ರದ್ದುಪಡಿಸಿ’ ಎಂದು ಎರಡು ಸಾಲು ಬರೆದುಕೊಡುತ್ತಾರೆ. ಅದನ್ನು ಒಪ್ಪಬೇಕೆಂದರೂ ಅಧಿಕಾರಿಗೆ ಕಡತದಲ್ಲಿ ಆಧಾರ ಸಿಗುವುದಿಲ್ಲ.

ಮೊದಲ ಹೆಜ್ಜೆ ವೈದ್ಯರ ಪತ್ರ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಯಲ್ಲಾಗಲಿ, ಗದಗದ ಜಿಮ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಾಗಲಿ, ಈವರೆಗೆ ನೋಡಿದ ವೈದ್ಯರಿಂದಲೇ ಪಡೆಯಿರಿ. ‘ಒತ್ತಡ ತಪ್ಪಿಸಬೇಕು’ ಎಂದಷ್ಟೇ ಬರೆದ ಪತ್ರ ನಿಲ್ಲುವುದಿಲ್ಲ; ಒತ್ತಡವಿಲ್ಲದ ಹುದ್ದೆ ಯಾವುದಿದೆ? ಚಿಕಿತ್ಸೆ ಎಷ್ಟು ವರ್ಷದಿಂದ ನಡೆದಿದೆ, ಎಷ್ಟು ದಿನಕ್ಕೊಮ್ಮೆ ಬರಬೇಕು, ತಪ್ಪಿದರೆ ಏನಾಗುತ್ತದೆ ಎಂಬುದು ಅದರಲ್ಲಿರಲಿ. ಉದಾಹರಣೆಗೆ, ಲಿಥಿಯಂ ಗುಳಿಗೆ ತೆಗೆದುಕೊಳ್ಳುವವರ ರಕ್ತದಲ್ಲಿ ಅದರ ಪ್ರಮಾಣವನ್ನು ನಿಯಮಿತವಾಗಿ ಅಳೆಯಬೇಕು, ಹೆಚ್ಚಾದರೆ ವಿಷವಾಗುತ್ತದೆ. ಕ್ಲೋಜಪಿನ್ ಗುಳಿಗೆ ಆರಂಭಿಸಿದವರಿಗೆ ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ ಬೇಕು, ಬಿಳಿ ರಕ್ತಕಣ ಕುಸಿಯುವ ಅಪಾಯವಿದೆ. ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆಗಳ ನಡುವೆ ತೂಗುವ ಕಾಯಿಲೆ) ಇರುವವರಿಗೆ ನಿದ್ದೆಗೆಟ್ಟರೆ ಕಾಯಿಲೆ ಮರುಕಳಿಸಬಹುದು. ರಾತ್ರಿ ಪಾಳಿ, ನಸುಕಿನ ಬಸ್ಸಿನ ಓಡಾಟ ಏಕೆ ಆಗದು ಎಂಬುದಕ್ಕೆ ಅದೇ ಕಾರಣ. ಇಂಥ ವಿವರಗಳನ್ನು ಅಧಿಕಾರಿ ತಳ್ಳಿಹಾಕುವುದು ಸುಲಭವಲ್ಲ.

ಕಾಯಿಲೆಯ ಹೆಸರು ಹೇಳಬೇಕೇ? ಮಾನಸಿಕ ಆರೋಗ್ಯ ಕಾಯ್ದೆ 2017ರಂತೆ ನಿಮ್ಮ ಮಾಹಿತಿಯ ಗೋಪ್ಯತೆ ಕಾಯುವುದು ವೈದ್ಯರ ಹೊಣೆ. ಆದರೆ ಮಾನಸಿಕ ಕಾಯಿಲೆಯನ್ನೂ ಒಳಗೊಂಡ ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ರಕ್ಷಣೆ ಕೇಳುವಾಗ ಮುಚ್ಚಿಡಲಾಗದು. ವೈದ್ಯರ ಪತ್ರವನ್ನು ‘ಗೋಪ್ಯ’ ಎಂದು ಬರೆದ ಮುಚ್ಚಿದ ಲಕೋಟೆಯಲ್ಲಿ ಕೊಡಿ. ಆ ಕಾಯ್ದೆಯ 20ನೇ ಕಲಂ ಅಂಗವೈಕಲ್ಯವುಳ್ಳ ಸರ್ಕಾರಿ ನೌಕರರಿಗೆ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕೆನ್ನುತ್ತದೆ. ಕನಿಷ್ಠ ಶೇ 40ರ ಅಂಗವೈಕಲ್ಯದ ಪ್ರಮಾಣಪತ್ರ, ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡ್ ಇದ್ದರೆ ಬಲ ಹೆಚ್ಚು. ಇಲ್ಲವೆಂದು ಮನವಿ ತಡ ಮಾಡಬೇಡಿ.

ಮನವಿ ಒಂದೇ ಪುಟದಲ್ಲಿರಲಿ: ಆದೇಶದ ಸಂಖ್ಯೆ, ದಿನಾಂಕ, ಚಿಕಿತ್ಸೆಯ ಅಗತ್ಯ, ಕೋರಿಕೆ. ಕೋರಿಕೆ ‘ರದ್ದು’ ಒಂದೇ ಆಗಿದ್ದರೆ ಉತ್ತರವೂ ಇಲ್ಲವೆಂಬ ಒಂದೇ ಮಾತಾದೀತು. ಉದಾಹರಣೆಗೆ, ಹಿರೇಕೆರೂರಿಗೆ ಹಾಕಿದ್ದರೆ ಮೊದಲು ಈಗಿನ ಸ್ಥಳ, ಆಗದಿದ್ದರೆ ಹಾವೇರಿ ನಗರದಲ್ಲಿ ಖಾಲಿ ಇರುವ ಹುದ್ದೆಯ ಹೆಸರು, ಅದೂ ಆಗದಿದ್ದರೆ ಮೂರು ತಿಂಗಳ ಕಾಲಾವಕಾಶ. ಟಪಾಲು ವಿಭಾಗಕ್ಕೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಆವಕ ಸಂಖ್ಯೆ, ತಾರೀಖು ಹಾಕಿಸಿಕೊಳ್ಳಿ. ಶಾಸಕರ ಶಿಫಾರಸು ಪತ್ರ ಬೇಡ. ನಡತೆ ನಿಯಮಗಳ ಪ್ರಕಾರ ಅದೇ ದುರ್ನಡತೆ.

ಮನವಿ ಕೊಟ್ಟ ಮಾತ್ರಕ್ಕೆ ಆದೇಶ ತಡೆಯಾಗುವುದಿಲ್ಲ. ಈಗಿನ ಹುದ್ದೆಯಿಂದ ಬಿಡುಗಡೆ ಮಾಡಿದರೆ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ರಜೆ ಕೇಳಿ, ಇಲ್ಲವೇ ‘ಮನವಿ ಬಾಕಿ ಇದೆ’ ಎಂದು ಹಾಜರು ವರದಿಯಲ್ಲೇ ಬರೆದು ಸೇರಿಕೊಳ್ಳಿ.

ಉತ್ತರ ಬಾರದಿದ್ದರೆ ಇಲಾಖೆಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ದಾಖಲಾದ ಎರಡು ವಾರದೊಳಗೆ ವಿಚಾರಣೆ ಆಗಬೇಕೆಂದು ವಿಕಲಚೇತನರ ಹಕ್ಕುಗಳ ಕಾಯ್ದೆಯ 23ನೇ ಕಲಂ ಹೇಳುತ್ತದೆ. ಮುಂದಿನ ದಾರಿ ಈ ಭಾಗದ ರಾಜ್ಯ ನೌಕರರಿಗೆ ಬೆಳಗಾವಿಯ ಆಡಳಿತ ನ್ಯಾಯಮಂಡಳಿ ಪೀಠ, ರೈಲ್ವೆಯವರಿಗೆ ಬೆಂಗಳೂರಿನ ಕೇಂದ್ರ ಆಡಳಿತ ನ್ಯಾಯಮಂಡಳಿ. ವರ್ಗಾವಣೆಯಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ಕೈಹಾಕುವುದಿಲ್ಲ. ಕಾನೂನು ಮುರಿದಿದ್ದನ್ನು ತೋರಿಸಬೇಕು. ಆಗ ಆವಕ ಸಂಖ್ಯೆಯ ಆ ಪ್ರತಿಯೇ ಸಾಕ್ಷ್ಯ. ಖಾಸಗಿ ನೌಕರಿಯವರು ಸಂಸ್ಥೆಯ ಸಮಾನ ಅವಕಾಶ ನೀತಿಯ ಪ್ರತಿ ಕೇಳಿ ಅದರ ಆಧಾರದ ಮೇಲೆ ಬರೆಯಲಿ.

ಹೋಗಲೇಬೇಕಾಗಿ ಬಂದರೆ ಒಂದು ತಿಂಗಳ ಗುಳಿಗೆ, ಚಿಕಿತ್ಸೆಯ ಸಾರಾಂಶ ಪತ್ರ ಜೊತೆಗಿರಲಿ. ಹೊಸ ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬಂದು ನೋಡುವ ಮನೋಚೈತನ್ಯ ಶಿಬಿರ ಯಾವ ದಿನ ಎಂದು ಹೊರಡುವ ಮುನ್ನವೇ ವಿಚಾರಿಸಿ. ಗಾಬರಿಯಲ್ಲಿ ಗುಳಿಗೆ ಬಿಡಬೇಡಿ. ಮನಸ್ಸು ಹಿಡಿತ ತಪ್ಪುತ್ತಿದೆ ಅನ್ನಿಸಿದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ; ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.